ಹಲಗೆ ಹಿಡಿದ ಕೈ

ಗೆಳತಿ ವರ್ನೆಲ್ ತಂದುಕೊಟ್ಟ ಕರಪತ್ರವನ್ನು ನಾನು ಓದಲಿಲ್ಲ. ಕನ್ನಡಕ ಎಲ್ಲಿಟ್ಟೆನೋ ಕಾಣೆ ಎಂದು ಸುಳ್ಳು ಹೇಳಿ ಅದನ್ನು ಫ್ರಿಜ್ಜಿನ ಮೇಲೆ ಎಸೆದೆ. ಕನ್ನಡಕ ನನ್ನ ತಲೆಯ ಮೇಲೇ ಇತ್ತು. ಎಪ್ಪತ್ತೇಳರ ಮುದುಕಿಗೆ ಇಷ್ಟು ಮರೆವು ಸಹಜವೆಂದುಕೊಂಡಳೇನೋ, ವರ್ನೆಲ್ ನಕ್ಕಳು. ನನಗೆ ಓದುವ ಅಗತ್ಯವೇ ಇರಲಿಲ್ಲ. ಅದರ ಮೇಲಿದ್ದ ಫೋಟೋ ಬಾಗಿಲಲ್ಲೇ ಕಣ್ಣಿಗೆ ಬಿದ್ದಿತ್ತು.

ಇಟ್ಟಿಗೆಯ ಮನೆ, ಮೂರು ಮೆಟ್ಟಿಲು, ಮೆಟ್ಟಿಲ ಮೇಲೆ ಹೂಗಿಡದ ಡಬ್ಬಿಗಳು. ಬಲಗಡೆಯ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿಹೋದ ಒಬ್ಬ ಹುಡುಗಿ. ಮುಖವಿಲ್ಲ; ಒಂದು ಭುಜ, ಒಂದು ಕೈ, ಕೈಗೆ ಬಿಳಿಯ ಗವಸು. ಆ ಕೈ ಒಂದು ಕಪ್ಪು ಹಲಗೆಯನ್ನು ಎತ್ತಿ ಹಿಡಿದಿದೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಏಳು ಎಂಬ ಅಂಕಿ. ಸೊಂಟದ ಹಿಂದಿನಿಂದ ಇನ್ನೊಂದು ಕೈಯ ಮುಷ್ಟಿ ಇಣುಕುತ್ತಿದೆ. ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ, ‘ಈ ಕೈ ಯಾರದು? ಬಂದು ಹೇಳಿ’ ಎಂದಿತ್ತು.

"ನಮ್ಮ ಲಾರ್ಚ್ ಬೀದಿ ಕಣೇ ಆರ್ಡೀಲಿಯಾ!" ಎಂದಳು ವರ್ನೆಲ್, ಕೋಟು ಬಿಚ್ಚದೆಯೇ ಕುರ್ಚಿಯ ಮೇಲೆ ಕುಸಿದು. "ಅರವತ್ತು ವರ್ಷದಿಂದ ಯಾವುದೋ ಕಚೇರಿ ನೆಲಮಾಳಿಗೇಲಿ ಈ ಫೋಟೋಗಳು ಪೆಟ್ಟಿಗೆಗಟ್ಲೆ ಕೊಳೀತಾ ಬಿದ್ದಿದ್ವಂತೆ. ಬೀದಿ ಕೆಡವೋಕ್ ಮುಂಚೆ ನಗರಸಭೆಯೋರು ಒಂದೊಂದ್ ಮನೇದೂ ತೆಗೆದಿದ್ದಾರೆ. ಬರೋ ತಿಂಗಳ ಎರಡನೇ ಶನಿವಾರ ನಮ್ಮ ಚರ್ಚ್ ಹಾಲ್‌ನಲ್ಲೇ ಇಡ್ತಾರೆ. ಗುರ್ತು ಸಿಕ್ಕಿದವರ ಹೆಸ್ರು ಚೀಟೀಲಿ ಬರೆದು ಕೆಳಗೆ ಅಂಟಿಸ್ಬೇಕಂತೆ."

"ಹಳೇ ಗೋಡೆ ನೋಡೋಕೆ ಯಾರು ಬರ್ತಾರೆ?" ಎಂದೆ.

"ನಾನು ಬರ್ತೀನಿ. ಅವ್ವ ಸಿಕ್ಕಿದ್ರೂ ಸಿಗಬಹುದು." ಅವಳು ಕೋಟಿನ ಗುಂಡಿ ಬಿಚ್ಚತೊಡಗಿದಳು. "ಅವ್ವಂದು ನನ್ನ ಹತ್ರ ಇರೋದು ಶವಪೆಟ್ಟಿಗೇಲಿ ಮಲಗಿಸಿದಾಗ ತೆಗೆಸಿದ್ದು, ಅದೊಂದೇ ಅಲ್ವಾ? ಮುಖದ ಮೇಲೆ ಪೌಡರ್ ಬಳಿದು. ಅವಳ ನಗು ಹೇಗಿತ್ತು ಅಂತಾನೇ ಮರ್ತುಹೋಗಿದೆ ನನಗೆ."

ನಾನು ಕಾಫಿಗೆ ನೀರಿಟ್ಟೆ. ಬೆನ್ನು ಅವಳ ಕಡೆಗಿತ್ತು, ಒಳ್ಳೆಯದಾಯಿತು.

"ಇನ್ನೊಂದು, ಈ ಕೈ ಯಾರದು ಅಂತ ಗೊತ್ತಾಗ್ಲೇಬೇಕು ನನಗೆ. ಆಗ್ಲೂ ಜನ ಪಿಸುಗುಡ್ತಿದ್ರು, ನಮ್ಮೋರೇ ಯಾರೋ ನಗರಸಭೆಯೋರ ಜೊತೆ ಮನೆ ಮನೆ ತೋರಿಸ್ಕೊಂಡ್ ಓಡಾಡಿದ್ರು ಅಂತ. ನೋಡು, ಸುಳ್ಳಲ್ಲ. ನಮ್ಮ ಅವ್ವನ್ನ ಎಂಟನೇ ಮಹಡಿ ಹತ್ತಿಸಿ ಕೊಂದ ಕೈ ಅದು. ಬದುಕಿದ್ರೆ ಅವಳ ಮುಖಕ್ಕೆ ಉಗೀತೀನಿ. ಸತ್ತಿದ್ರೆ ಗೋರಿ ಹುಡುಕ್ಕೊಂಡ್ ಹೋಗಿ ಉಗೀತೀನಿ."

ವರ್ನೆಲ್ ಆಡಿದಂತೆ ಮಾಡುವ ಹೆಂಗಸು. ಮೂವತ್ತು ವರ್ಷ ಬಸ್ಸು ಓಡಿಸಿದವಳು, ಕುಡಿದವರನ್ನು ಕತ್ತಿನ ಪಟ್ಟಿ ಹಿಡಿದು ಇಳಿಸಿದವಳು. ನನ್ನ ಗಂಡ ಹೋದ ಮೇಲೆ ಪ್ರತಿ ಭಾನುವಾರ ಒಂಬತ್ತೂವರೆಗೆ ನನ್ನ ಮನೆ ಮುಂದೆ ಕಾರು ನಿಲ್ಲಿಸಿ ಎರಡು ಸಲ ಹಾರನ್ ಒತ್ತುವವಳು ಅವಳೇ. ಆಸ್ಪತ್ರೆಗೆ ಅವಳೇ, ಅಂಗಡಿಗೆ ಅವಳೇ. ನನ್ನವರು ಅಂತ ನನಗೆ ಉಳಿದಿರುವುದು ಅವಳೊಬ್ಬಳೇ.

ಆ ಕೈ ನನ್ನದು.

ಐವತ್ತೆಂಟರ ಮೇ ತಿಂಗಳು. ಹಲ್ಲುನೋವೆಂದು ಶಾಲೆಗೆ ಹೋಗದೆ ಮನೆಯಲ್ಲಿದ್ದೆ. ನನಗೆ ಹದಿನೇಳು. ನಮ್ಮಮ್ಮ ಲಾರ್ಚ್ ಬೀದಿ ಸಂಘದ ಅಧ್ಯಕ್ಷೆ. ಆ ಕಾಲಕ್ಕೆ ನಮ್ಮ ಕಪ್ಪು ಜನರ ಪ್ರತಿ ಬೀದಿಗೂ ಒಂದು ಸಂಘವಿತ್ತು, ವರ್ಷಕ್ಕೊಮ್ಮೆ ಚೊಕ್ಕ ಬೀದಿ ಸ್ಪರ್ಧೆ. ತೀರ್ಪುಗಾರರು ಕ್ಯಾಮೆರಾ ಹಿಡಿದು ಬರುತ್ತಿದ್ದರು, ಒಂದೊಂದು ಮನೆಗೂ ಒಂದು ನಂಬರು ಹಲಗೆ ಇಟ್ಟು ಫೋಟೋ ತೆಗೆಯುತ್ತಿದ್ದರು. ಹಿಂದಿನ ವರ್ಷ ಪಕ್ಕದ ಬೀದಿಯವರು ಗೆದ್ದು ಮೂಲೆಯಲ್ಲಿ ತಗಡಿನ ಫಲಕ ನೆಟ್ಟಿದ್ದರು. ಅಮ್ಮ ಆ ಕಡೆಯಿಂದ ಓಡಾಡುವುದನ್ನೇ ಬಿಟ್ಟಿದ್ದಳು.

ಹೀಗಾಗಿ ಆ ದಿನ ಟೈ ಕಟ್ಟಿದ ಇಬ್ಬರು ಬಿಳಿಯರು ಕ್ಯಾಮೆರಾ ಮತ್ತು ನಂಬರು ಹಲಗೆಯೊಂದಿಗೆ ಬೀದಿಯ ತುದಿಯಲ್ಲಿ ಕಾಣಿಸಿದಾಗ ಅಮ್ಮನಿಗೆ ಎರಡನೇ ಯೋಚನೆಯೇ ಬರಲಿಲ್ಲ. "ಅಯ್ಯೋ, ಈ ಸಲ ಮೇ ತಿಂಗಳಲ್ಲೇ ಬಂದ್ಬಿಟ್ರಲ್ಲೇ!" ಎಂದು ಮೆಟ್ಟಿಲಿಗೆ ನೀರು ಸುರಿದಳು, ಮನೆ ಮನೆಗೆ ಕೂಗಿ ಹೇಳಿದಳು. ಹೆಂಗಸರೆಲ್ಲ ಏಪ್ರನ್ ಕಿತ್ತೆಸೆದು ಭಾನುವಾರದ ಉಡುಪು ತೊಟ್ಟರು. ಹಲಗೆ ಹಿಡಿದಿದ್ದ ದಪ್ಪ ಮನುಷ್ಯ ಬಿಸಿಲಿಗೆ ಬೆವರುತ್ತಿದ್ದ. ಅಮ್ಮ ನನ್ನನ್ನು ಮುಂದೆ ತಳ್ಳಿದಳು.

"ಹೋಗು, ಅದನ್ನ ನೀನು ಹಿಡ್ಕೋ. ಗವಸು ಹಾಕ್ಕೊಂಡ್ ಹೋಗು. ತೀರ್ಪುಗಾರರ ಮುಂದೆ ಬರಿಗೈಲಿ ನಿಲ್ತೀಯಾ?"

ಗವಸು ಚರ್ಚಿನದು. ನಮ್ಮ ಚರ್ಚಿನಲ್ಲಿ ಬಾಗಿಲ ಸೇವೆ ಎಂದು ಒಂದಿದೆ. ಬಂದವರಿಗೆ ಹಾಡಿನ ಹಾಳೆ ಕೊಟ್ಟು, ಬಲಗೈಯಲ್ಲಿ ದಾರಿ ತೋರಿಸಿ ಬೆಂಚಿನಲ್ಲಿ ಕೂರಿಸುವುದು. ಸೇವೆಯ ಹೊತ್ತಿನಲ್ಲಿ ಬಾಯಿ ಬಿಡುವಂತಿಲ್ಲ, ಎಲ್ಲವೂ ಕೈಸನ್ನೆ. ಸುಮ್ಮನೆ ನಿಂತಾಗ ಎಡಗೈಯನ್ನು ಬೆನ್ನ ಹಿಂದೆ ಮಡಿಸಿ ಮುಷ್ಟಿ ಕಟ್ಟಬೇಕು. ನನಗೆ ಹನ್ನೆರಡನೇ ವಯಸ್ಸಿಗೇ ಅದು ರಕ್ತಕ್ಕಿಳಿದಿತ್ತು. ಹಲಗೆ ಹಿಡಿದು ನಿಂತಾಗಲೂ ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು.

ನೀವು ಸ್ಪರ್ಧೆಯವರೋ ಎಂದು ಅಮ್ಮ ಕೇಳಲಿಲ್ಲ, ಅಲ್ಲ ಎಂದು ಅವರೂ ಹೇಳಲಿಲ್ಲ. ತಣ್ಣನೆಯ ಚಹಾ ಕುಡಿದರು, ಪೀಚ್ ಹಣ್ಣಿನ ಕಡುಬು ತಿಂದರು. ಒಳಗೂ ನೋಡಬಹುದೇ ಎಂದರು, ನಮ್ಮವರು ನೋಡಿ ನೋಡಿ ಎಂದರು. ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಎಷ್ಟು ಜನ, ಸೂರು ಎಲ್ಲಿ ಸೋರುತ್ತದೆ, ಎಲ್ಲವನ್ನೂ ಹೇಳಿದರು. ಅವರು ಬಂದಿದ್ದು ಕೆಡವುವ ಲೆಕ್ಕಕ್ಕೆ; ಮುಂದಿನ ವರ್ಷ ಬೀದಿಗೆ ಬೀದಿಯೇ ನೆಲಸಮವಾಯಿತು. ನಾವು ಚೆಲ್ಲಾಪಿಲ್ಲಿಯಾದೆವು. ವರ್ನೆಲ್‌ಳ ತಾಯಿ ಮಿಸ್ ಯುಲಾಗೆ ಸರ್ಕಾರಿ ಕಟ್ಟಡವೊಂದರ ಎಂಟನೇ ಮಹಡಿಯಲ್ಲೊಂದು ಗೂಡು ಸಿಕ್ಕಿತು. ಮೆಟ್ಟಿಲಲ್ಲಿ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದ ಹೆಂಗಸು ಅಲ್ಲಿ ಒಂದು ಚಳಿಗಾಲವನ್ನೂ ಕಳೆಯಲಿಲ್ಲ.

ಇಡೀ ಬೀದಿ ನೋಡಿದ್ದು ಗುಟ್ಟಾಗಿ ಹೇಗೆ ಉಳಿಯಿತು ಎಂದರೆ, ಬೇಸ್ತು ಬಿದ್ದವರು ಯಾರೂ ತಾವು ಬೇಸ್ತು ಬಿದ್ದ ಕಥೆಯನ್ನು ಹೇಳಿಕೊಂಡು ತಿರುಗುವುದಿಲ್ಲ. ಅವತ್ತು ಮನೆಯಲ್ಲಿದ್ದ ಹೆಂಗಸರೆಲ್ಲ ತುಟಿಗೆ ಬಣ್ಣ ಹಚ್ಚಿ ನಿಂತವರೇ. ಮಕ್ಕಳು ಶಾಲೆಗೆ, ಗಂಡಸರು ಕೆಲಸಕ್ಕೆ ಹೋಗಿದ್ದರು. ಕಂಡವರೆಲ್ಲ ಬಾಯಿ ಹೊಲಿದುಕೊಂಡರು, ಒಬ್ಬೊಬ್ಬರಾಗಿ ಮಣ್ಣಿಗೆ ಹೋದರು. ಕೊನೆಗೆ ಉಳಿದವಳು ನಾನೊಬ್ಬಳು. ಇನ್ನು ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಪಾಪಿ ಕ್ಯಾಮೆರಾ.

ಶನಿವಾರಕ್ಕೆ ಮೂರು ವಾರವಿತ್ತು. ಮೊದಲು ಪ್ರದರ್ಶನ ಏರ್ಪಡಿಸಿದ್ದ ಹುಡುಗಿಗೆ ಫೋನು ಮಾಡಿದೆ. ಹೈಡಿ ಎಂದು ಹೆಸರು, ಊರಿನ ಚರಿತ್ರೆ ಓದುತ್ತಿರುವ ಬಿಳಿಯರ ಮಗು, ದನಿಯಲ್ಲೇ ಜೇನು.

"ಆ ಏಳನೇ ನಂಬರ್ ಫೋಟೋ ಇದೆಯಲ್ಲಮ್ಮ, ಮಸುಕಾಗಿದೆ. ತೆಗೆದುಬಿಡಿ, ನಿಮ್ಮ ಪ್ರದರ್ಶನದ ಮಾನ ಹೋಗುತ್ತೆ."

"ಅಯ್ಯೋ ಮೇಡಂ, ಎಲ್ಲಕ್ಕಿಂತ ಚೆನ್ನಾಗಿರೋದೇ ಅದು! ಆ ಕೈ ಇನ್ನೂ ಹದಿಮೂರು ಫೋಟೋದಲ್ಲಿದೆ ಗೊತ್ತಾ? ಬಾಗಿಲಲ್ಲಿ ಆಳೆತ್ತರ ಮಾಡಿ ಹಾಕ್ತೀವಿ."

ಇನ್ನೂ ಹದಿಮೂರು! ಫೋನಿಟ್ಟು ಅಡುಗೆಮನೆಯಲ್ಲಿ ಕೂತೆ. ಒಲೆಯ ಮೇಲೆ ಹುರುಳಿಕಾಯಿ ಸೀದು ಕರಕಲಾದ ವಾಸನೆಯೂ ಮೂಗಿಗೆ ಬಡಿಯಲಿಲ್ಲ.

ಆಮೇಲೆ ನನ್ನ ಎಡಗೈ ನನಗೆ ವೈರಿಯಾಯಿತು. ಅಂಗಡಿಯ ಸಾಲಿನಲ್ಲಿ ನಿಂತರೆ ಅದು ಬೆನ್ನ ಹಿಂದೆ ಹೋಗುತ್ತಿತ್ತು. ಔಷಧಿ ಅಂಗಡಿಯಲ್ಲೂ ಹೋಗುತ್ತಿತ್ತು. ಅರವತ್ತೈದು ವರ್ಷ ಬಾಗಿಲ ಸೇವೆ ಮಾಡಿದ ಕೈ, ಹೇಳಿದರೆ ಕೇಳುತ್ತದೆಯೇ? ಯಾರಾದರೂ ಆ ಫೋಟೋ ನೋಡಿ ಆಮೇಲೆ ನನ್ನನ್ನು ನೋಡಿದರೆ ಮುಗಿಯಿತು ಎಂದು, ಭಾನುವಾರ ಚರ್ಚಿನ ಬಾಗಿಲಲ್ಲಿ ಅದನ್ನು ಬೇಕೆಂದೇ ಜೋತು ಬಿಟ್ಟು ನಿಂತೆ. ಸೇವೆಯ ಹಿರಿಯ ಸೋದರ ಕ್ಲೆಮನ್ಸ್ ಬಂದು ಕಿವಿಯಲ್ಲಿ ಗೊಣಗಿದರು.

"ಏನು ಸಿಸ್ಟರ್ ಟ್ರಾಮೆಲ್, ಬಸ್ ಕಾಯ್ತಿದೀರಾ? ಕೈ ಹಿಂದೆ!"

ಕಾರಿನಲ್ಲಿ ವರ್ನೆಲ್‌ಗೆ ಬೇರೆ ಮಾತೇ ಇರಲಿಲ್ಲ. ಅವ್ವ ಯಾವ ಉಡುಪು ತೊಟ್ಟಿರಬಹುದು, ಮೆಟ್ಟಿಲ ಮೇಲಿದ್ದಾಳೋ ಕಿಟಕಿಯಲ್ಲೋ, ಪೂರ್ತಿ ಮುಖ ಬಂದಿದೆಯೋ ಇಲ್ಲವೋ. ಆಮೇಲೆ ಆ ಕೈ. ಯಾರಿರಬಹುದು ಎಂದು ಒಂದೊಂದೇ ಹೆಸರು ಎತ್ತುತ್ತಿದ್ದಳು, ನಾನು ಒಂದೊಂದಕ್ಕೂ ಛೆ ಛೆ ಎನ್ನುತ್ತಿದ್ದೆ. ನನ್ನ ಹೆಸರು ಮಾತ್ರ ಅವಳ ಬಾಯಲ್ಲಿ ಬರಲಿಲ್ಲ. ಅವಳ ತಲೆಗೆ ಅದು ಹೊಳೆಯುವ ಸಾಧ್ಯತೆಯೇ ಇರಲಿಲ್ಲ, ನನಗೆ ಅಳು ಬರುವಂತಾಗಿದ್ದು ಅದಕ್ಕೇ. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಕೆಂಪು ದೀಪ ಹಸಿರಾಯಿತು. ಇನ್ನೊಂದು ಸಲ ಏನೂ ಆಗಲಿಲ್ಲ, ನನಗೇ ಧೈರ್ಯ ಬರಲಿಲ್ಲ.

ಆ ಶನಿವಾರ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುರಿದ ಮೀನಿನ ವಾಸನೆ, ಗೆಣಸಿನ ಸಿಹಿ, ಗಾಲಿಕುರ್ಚಿಗಳ ಕೀರಲು. ಗೋಡೆಯುದ್ದಕ್ಕೂ ನಮ್ಮ ಬೀದಿ. ಐಸ್ ಬಂಡಿ, ಕ್ಷೌರದಂಗಡಿ, ಹಗ್ಗದ ಮೇಲೆ ಒಣಹಾಕಿದ ಬಟ್ಟೆ, ನಲ್ಲಿಯ ಹತ್ತಿರ ಮಲಗಿದ ನಾಯಿ. ಮುದುಕರು ಮಕ್ಕಳಂತೆ ಕೂಗುತ್ತಿದ್ದರು. "ನೋಡ್ರೋ, ನಮ್ಮಪ್ಪನ ಟೋಪಿ!" "ಆ ಕಿಟಕಿ ಒಡೆದಿದ್ದು ನಾನೇ ಕಣೋ!" ಒಂದೊಂದು ಫೋಟೋದ ಕೆಳಗೂ ಚೀಟಿಗಳು ಬೀಳುತ್ತಿದ್ದವು. ಒಬ್ಬರೂ ಅದನ್ನು ಕೆಡವಲು ತೆಗೆದ ಫೋಟೋ ಎಂದುಕೊಂಡು ನೋಡುತ್ತಿರಲಿಲ್ಲ.

ವರ್ನೆಲ್ ನನ್ನ ತೋಳು ಹಿಡಿದು ಸಾಲುದ್ದಕ್ಕೂ ಎಳೆದುಕೊಂಡು ಹೋದಳು. ಹತ್ತೊಂಬತ್ತನೇ ನಂಬರಿನ ಫೋಟೋದ ಮುಂದೆ ನಿಂತಳು. ಬೆರಳುಗಳು ನನ್ನ ತೋಳಿಗೆ ಕಚ್ಚಿಕೊಂಡವು.

ಮಿಸ್ ಯುಲಾ ಮೆಟ್ಟಿಲ ಮೇಲಿದ್ದಳು. ಚುಕ್ಕಿಯ ಉಡುಪು, ಒಂದು ಕೈ ಸೊಂಟದ ಮೇಲೆ. ಕತ್ತನ್ನು ಅಂಚಿನಲ್ಲಿ ಗವಸಿನ ಕೈ ಹಿಡಿದ ಹಲಗೆಯ ಕಡೆ ತಿರುಗಿಸಿ, ಮುಂದಿನ ಹಲ್ಲಿನ ಸಂದು ಕಾಣುವಷ್ಟು ಬಾಯ್ತುಂಬ ನಗುತ್ತಿದ್ದಳು.

"ಅವ್ವಾ," ಎಂದಳು ವರ್ನೆಲ್. ಅಷ್ಟೇ. ಎಪ್ಪತ್ತಾರು ವರ್ಷದ ಹೆಂಗಸು ಗಾಜಿಗೆ ಹಣೆ ಹಚ್ಚಿ ಬಿಕ್ಕಿದಳು. ಅವಳ ಬೆನ್ನು ಸವರಲು ಎತ್ತಿದ ನನ್ನ ಕೈ ಅರ್ಧದಲ್ಲೇ ನಿಂತಿತು.

ಆಗ ಬಾಗಿಲ ಕಡೆಯಿಂದ ಸೋದರ ಕ್ಲೆಮನ್ಸರ ದನಿ ಕೇಳಿತು. ಆಳೆತ್ತರದ ಏಳನೇ ನಂಬರಿನ ಮುಂದೆ ಜನ ಗುಂಪುಗೂಡಿದ್ದರು. "ಎಡಗೈ ನೋಡ್ರಪ್ಪ! ಬೆನ್ನ ಹಿಂದೆ ಮಡಿಸಿದೆ. ಇದು ನಮ್ಮ ಬಾಗಿಲ ಸೇವೆ ಹುಡುಗಿ, ಅನುಮಾನಾನೇ ಇಲ್ಲ!"

ಗುಂಪಿನಲ್ಲಿ ಗುಸುಗುಸು ಎದ್ದಿತು. ಆಗ ಸೇವೆಯಲ್ಲಿದ್ದ ಹುಡುಗಿಯರು ನಾಲ್ವರು. ಹೆಸರು ಎಣಿಸತೊಡಗಿದರು.

"ಆರ್ಡೀಲಿಯಾ ಶಾಲೇಲಿರ್ತಿದ್ಳು, ಅವಳಲ್ಲ," ಎಂದರು ಕ್ಲೆಮನ್ಸ್. "ಶಾಲೆ ಬಿಟ್ಟು ಮನೇಲಿದ್ದವಳು ಒಬ್ಬಳೇ. ಜೆರಾಲ್ಡೀನ್ ಸ್ಕ್ರಗ್ಸ್. ನನಗೆ ಆವಾಗ್ಲೇ ಅವಳ ಮೇಲೆ ಗುಮಾನಿ ಇತ್ತು."

ಜೆರಾಲ್ಡೀನ್ ಸತ್ತು ಇಪ್ಪತ್ತು ವರ್ಷವಾಯಿತು. ಆದರೆ ಅವಳ ಮೊಮ್ಮಗಳು ಟಾಮಿಕಾ ಅಲ್ಲೇ ನಿಂತಿದ್ದಳು. ಅಜ್ಜಿಯ ಫೋಟೋ ಏನಾದರೂ ಇದೆಯೋ ನೋಡೋಣವೆಂದು ಬಂದಿದ್ದಳು, ಕೈಯಲ್ಲಿ ಖಾಲಿ ಚೀಟಿ. ವರ್ನೆಲ್ ಕಣ್ಣೊರೆಸಿಕೊಂಡು ಆ ಕಡೆ ನಡೆದಳು. ಅವಳ ನಡಿಗೆ ನನಗೆ ಗೊತ್ತು.

"ನಿಮ್ಮಜ್ಜೀನಾ?" ಎಂದು ಕೇಳಿದಳು.

"ಇರಲಾರದು ಆಂಟಿ..." ಹುಡುಗಿ ಚೀಟಿಯನ್ನು ಎದೆಗೊತ್ತಿಕೊಂಡಳು. "ನಮ್ಮಜ್ಜಿ ಅಂಥೋಳಲ್ಲ."

"ಯಾರೂ ಅಂಥೋರಲ್ಲ. ನಮ್ಮವ್ವ ಮಾತ್ರ ಸತ್ತಳು."

ನಾನು ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಮುಚ್ಚಿಡದೆ ಹೇಳುತ್ತೇನೆ: ಒಂದು ಗಳಿಗೆ ನನಗೆ ಸಮಾಧಾನವೇ ಆಯಿತು. ಸತ್ತವಳ ತಲೆಗೆ ಹೋಯಿತು, ನಾನು ಪಾರಾದೆ, ಭಾನುವಾರ ಒಂಬತ್ತೂವರೆಗೆ ಹಾರನ್ ಕೇಳುತ್ತದೆ ಎಂದು. ಆಮೇಲೆ ಆ ಹುಡುಗಿ ಖಾಲಿ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡಳು. ಅದನ್ನು ನೋಡಲಾಗಲಿಲ್ಲ.

ಬಾಗಿಲ ಸೇವೆಯವಳಿಗೆ ಮಾತು ಬೇಕಾಗಿರಲಿಲ್ಲ. ಜನರನ್ನು ಸರಿಸಿಕೊಂಡು ಹೋಗಿ ಫೋಟೋದ ಪಕ್ಕ, ಆ ಕತ್ತರಿಸಿಹೋದ ಹುಡುಗಿಯ ಪಕ್ಕದಲ್ಲೇ ನಿಂತೆ. ಎಡಗೈಯನ್ನು ಬೆನ್ನ ಹಿಂದೆ ಬಿಟ್ಟುಕೊಟ್ಟೆ. ಬಲಗೈಯನ್ನು ಹಲಗೆಯ ಎತ್ತರಕ್ಕೆ ಎತ್ತಿದೆ. ಅದೇ ಭುಜ, ಅದೇ ಓರೆ. ಕ್ಲೆಮನ್ಸ್ ಫೋಟೋದ ಮುಂದಿನಿಂದ ಹಿಂದೆ ಸರಿದರು.

ವರ್ನೆಲ್ ಉಗಿಯಲಿಲ್ಲ. ನನ್ನನ್ನು ನೋಡಿದಳು, ಫೋಟೋ ನೋಡಿದಳು, ಮತ್ತೆ ನನ್ನನ್ನು. "ನಡಿ," ಎಂದಳು.

ಕಾರಿನಲ್ಲಿ ಅವಳು ಕೀಲಿ ತಿರುಗಿಸಲಿಲ್ಲ. ಸ್ಟೀರಿಂಗ್ ಹಿಡಿದು ಎದುರಿಗಿದ್ದ ಇಟ್ಟಿಗೆ ಗೋಡೆಯನ್ನು ನೋಡುತ್ತಾ ಕೂತಳು. ನಾನು ಎಲ್ಲ ಹೇಳಿದೆ. ಹಲ್ಲುನೋವು, ಅಮ್ಮನ ಸಂಘ, ತಗಡಿನ ಫಲಕ, ಗವಸು. ಮಾತು ಮಾತಿಗೂ ನಮ್ಮಮ್ಮ ಸ್ಪರ್ಧೆ ಅಂದುಕೊಂಡಳು, ಎಲ್ಲರೂ ಅಂದುಕೊಂಡರು ಎಂದೆ. ಅವಳು ಬಸ್ಸಿನ ಚಾಲಕಿಯ ಹಾಗೆ ಕೇಳಿಸಿಕೊಂಡಳು, ತಿರುಗಿ ನೋಡದೆ.

"ಅವ್ವ ನಿನ್ನ ನೋಡ್ಕೊಂಡು ನಗ್ತಿದ್ದಾಳೆ," ಎಂದಳು ಕೊನೆಗೆ. "ಏನಂದೆ ನೀನು ಅವಳಿಗೆ?"

"ಮೊದಲ ಬಹುಮಾನ ನಿಮ್ಮ ಮನೆಗೇ ಮಿಸ್ ಯುಲಾ ಅಂದೆ."

ಅವಳ ತುಟಿ ಅಲುಗಿತು. ಕ್ಷಮಿಸುತ್ತಿದ್ದಳೆಂದೇ ನನಗೆ ಅನ್ನಿಸಿತು. ಹದಿನೇಳರ ಹುಡುಗಿ, ಅವಳಿಗೇನು ಗೊತ್ತಿತ್ತು ಎಂದು ಬಿಟ್ಟುಬಿಡುವುದರಲ್ಲಿದ್ದಳು. ಆದರೆ ವರ್ನೆಲ್ ವರ್ನೆಲ್ಲೇ. ಕತ್ತು ತಿರುಗಿಸಿ ನೇರವಾಗಿ ಕೇಳಿದಳು.

"ಹಾಗಂದಾಗ ನಿನಗೆ ಗೊತ್ತಿರ್ಲಿಲ್ಲ, ಅಲ್ವಾ?"

ಇಲ್ಲ ಎಂದಿದ್ದರೆ ಸಾಕಿತ್ತು. ಅಲ್ಲ ಎನ್ನಲು ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ. ಆದರೆ ಹನ್ನೊಂದನೇ ಮನೆಯ ಹತ್ತಿರ ಆ ದಪ್ಪ ಮನುಷ್ಯ ಮೂತ್ರಕ್ಕೆಂದು ಒಳಗೆ ಹೋಗುವಾಗ ತನ್ನ ಕಾಗದ ಸಿಕ್ಕಿಸಿದ ರಟ್ಟನ್ನು ನನ್ನ ಕೈಗೆ ಕೊಟ್ಟಿದ್ದ. ನಾನು ಟೈಪಿಂಗ್ ಕಲಿಯುತ್ತಿದ್ದವಳು, ಅಕ್ಷರ ಕಂಡರೆ ಓದುವವಳು. ಮೇಲೆಯೇ ಇತ್ತು. ಕಟ್ಟಡದ ಸ್ಥಿತಿ, ಕೆಡವುವ ವರ್ಷ. ಅಲ್ಲಿಂದ ಹತ್ತೊಂಬತ್ತರವರೆಗೆ ಇನ್ನೂ ಎಂಟು ಮನೆಗೆ ಹಲಗೆ ಹಿಡಿದೆ. ಅಮ್ಮ ಬೀದಿಯ ನಡುವೆ ನಿಂತು ರಾಣಿಯ ಹಾಗೆ ಮಿಂಚುತ್ತಿದ್ದಳು, ಅವಳ ಮುಖಕ್ಕೆ ಇದನ್ನು ಹೇಳುವುದು ನನ್ನಿಂದಾಗಲಿಲ್ಲ. ಮಿಸ್ ಯುಲಾ, ನಮ್ಮ ಮನೆ ಚೆನ್ನಾಗಿ ಬರುತ್ತೇನೇ ಮಗಾ ಎಂದು ಹೆದರಿಕೊಂಡು ಕೇಳಿದಳು. ನನಗೆ ಆ ಹೆದರಿಕೆ ನೋಡಲಾಗಲಿಲ್ಲ.

"ಗೊತ್ತಿತ್ತು," ಎಂದೆ. "ಓದಿದ್ದೆ."

ವರ್ನೆಲ್ ಕಾರು ಹೊರಡಿಸಿದಳು. ನನ್ನ ಮನೆ ಮುಂದೆ ನಿಲ್ಲಿಸಿದಳು. ನಾನು ಇಳಿದು ಬಾಗಿಲು ಹಾಕುವವರೆಗೂ ಕಾದಳು, ಹೊರಟುಹೋದಳು.

ಮರುದಿನ ಒಂಬತ್ತೂವರೆಗೆ ಹಾರನ್ ಕೇಳಲಿಲ್ಲ. ಬಸ್ಸು ಹಿಡಿದು ಹೋದೆ. ಬಾಗಿಲಲ್ಲಿ ನಿಂತಿದ್ದಾಗ ಅವಳು ಬಂದಳು. ನನ್ನ ಗವಸಿನ ಕೈಯಿಂದ ಹಾಳೆ ತೆಗೆದುಕೊಂಡಳು, ಮುಖ ನೋಡಲಿಲ್ಲ. ಅದರ ಮುಂದಿನ ವಾರವೂ ಹಾಗೇ.

ಮೂರನೇ ವಾರ ಹೈಡಿ ಫೋನು ಮಾಡಿ ಬರಲು ಹೇಳಿದಳು. ಪ್ರದರ್ಶನ ದೊಡ್ಡ ಗ್ರಂಥಾಲಯಕ್ಕೆ ಹೊರಟಿತ್ತು, ಹಾಲಿನಲ್ಲಿ ಪೆಟ್ಟಿಗೆಗಳು ಬಿದ್ದಿದ್ದವು. ಅವಳು ಹತ್ತೊಂಬತ್ತನೇ ನಂಬರಿನ ಫೋಟೋವನ್ನು ಮೇಜಿನ ಮೇಲೆ ಇಟ್ಟಳು.

"ಮಿಸ್ ವರ್ನೆಲ್ ಬಂದಿದ್ರು. ಅವರಿಗೆ ಗೋಡೆಗೆ ಹಾಕೋಕೆ ಒಂದು ದೊಡ್ಡ ಪ್ರತಿ ಬೇಕಂತೆ. ನಾನು, ಅಂಚಲ್ಲಿರೋ ಕೈ ಕತ್ತರಿಸಿ ಕೊಡ್ಲಾ, ಅಮ್ಮ ಒಬ್ಬರೇ ಇರ್ತಾರೆ ಅಂದೆ. ನನ್ನ ಮೇಲೆ ರೇಗಿದ್ರು."

"ಏನಂದ್ಳು?"

"‘ಕೈ ತೆಗೆದ್ರೆ ನಮ್ಮವ್ವ ಯಾರನ್ನ ನೋಡಿ ನಗ್ಬೇಕು?’ ಅಂದ್ರು. ಆಮೇಲೆ ಈ ಚೀಟಿ ಬರೆದು ಅಂಟಿಸಿದ್ರು. ಅದಕ್ಕೇ ನಿಮ್ಮನ್ನ ಕರೆದಿದ್ದು."

ವರ್ನೆಲ್‌ಳ ಒತ್ತಿ ಒತ್ತಿ ಬರೆದ ಅಕ್ಷರ. ‘ನಗುತ್ತಿರುವವಳು ಯುಲಾ ಪೆಟ್ಟಿಗ್ರೂ. ನಗಿಸಿದವಳು ಆರ್ಡೀಲಿಯಾ ಟ್ರಾಮೆಲ್. ನಗಿಸಿದವಳಿಗೆ ಗೊತ್ತಿತ್ತು.’

ಎರಡು ಸಲ ಓದಿದೆ. ಕನ್ನಡಕ ಸರಿಯಾಗಿಯೇ ಇತ್ತು. ತುಂಬ ನೋವಾಯಿತು, ಅಷ್ಟೇ ಹಗುರವೂ ಆಯಿತು.

"ಕೊನೇ ಸಾಲು ತೆಗೆದುಬಿಡ್ಲಾ ಮೇಡಂ?" ಹೈಡಿ ಮೆಲ್ಲಗೆ ಕೇಳಿದಳು. "ಏನು ಗೊತ್ತಿತ್ತು ಅಂತ ಜನ ಕೇಳ್ತಾರೆ."

"ಕೇಳ್ಲಿ ಬಿಡಮ್ಮ," ಎಂದೆ. "ಬಾಗಿಲಲ್ಲಿ ನಿಲ್ಲೋಕೆ ನಿಮಗೆ ಒಬ್ಬರು ಬೇಕಲ್ವಾ? ನಾನು ನಿಲ್ತೀನಿ. ಕೇಳಿದವರಿಗೆ ಹೇಳ್ತೀನಿ."